ಡಿಜೈರ್ ಮ್ಯಾನುವಲ್ಲಾ, ಅಮೇಜ್ ಸಿವಿಟಿನಾ? ತುಮಕೂರಿನ ಓಡಾಟಕ್ಕೆ ಯಾವುದು ಸರಿ

ಶಿರಾಗೇಟ್_ವಾಸಿ:

ಎಲ್ಲರಿಗೂ ನಮಸ್ಕಾರ. ಮನೆಗೆ ಹೊಸ ಕಾರು ನೋಡ್ತಾ ಇದೀವಿ. ಆನ್‌ರೋಡ್ (ತೆರಿಗೆ, ವಿಮೆ ಎಲ್ಲಾ ಸೇರಿ) ಹತ್ತೂವರೆ ಲಕ್ಷ, ಅದರ ಮೇಲೆ ಹೋಗೋ ಹಾಗಿಲ್ಲ. ಡಿಕ್ಕಿ ಬೇಕೇ ಬೇಕು, ಹಾಗಾಗಿ ಹ್ಯಾಚ್‌ಬ್ಯಾಕ್ ಬಿಟ್ಟು ನಾಲ್ಕು ಮೀಟರ್ ಒಳಗಿನ ಸೆಡಾನ್‌ಗೆ ಬಂದು ನಿಂತಿದ್ದೀವಿ. ಪಟ್ಟಿಯಲ್ಲಿ ಎರಡೇ ಉಳಿದಿವೆ: ಮಾರುತಿ ಡಿಜೈರ್ ಝಡ್‌ಎಕ್ಸ್‌ಐ ಪೆಟ್ರೋಲ್, ಹೋಂಡಾ ಅಮೇಜ್ ವಿಎಕ್ಸ್ ಸಿವಿಟಿ (ಆಟೋಮ್ಯಾಟಿಕ್). ಎರಡೂ 2024ರ ಕೊನೆಯಲ್ಲಿ ಬಂದ ಹೊಸ ಮಾಡೆಲ್.

ಮನೆಯಲ್ಲಿ ಐದು ಜನ. ಅಪ್ಪ ಅಮ್ಮ ಇಬ್ಬರಿಗೂ ಎಪ್ಪತ್ತರ ಆಸುಪಾಸು, ಅಮ್ಮನಿಗೆ ಮಂಡಿ ನೋವು. ಮಗುವಿಗೆ ನಾಲ್ಕು ವರ್ಷ. ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಬರೋದು, ತಿಂಗಳಿಗೆ ಎರಡು ಸಲ ತುರುವೇಕೆರೆ ಕಡೆ ತೋಟಕ್ಕೆ, ಉಳಿದದ್ದು ಟೌನ್ ಒಳಗೆ. ತಿಂಗಳಿಗೆ ಸಾವಿರ ಕಿ.ಮೀ. ಅಂದ್ಕೊಳ್ಳಿ. ಓಡಿಸೋದು ನಾನು ಮತ್ತು ನನ್ನ ಹೆಂಡತಿ.

ಕೇಳಬೇಕಾದ್ದು ಇಷ್ಟು. ಡಿಜೈರ್‌ನ ಮೂರು ಸಿಲಿಂಡರ್ ಎಂಜಿನ್ ಐದು ಜನ, ಎಸಿ ಹಾಕಿದಾಗ ಎಳೆಯುತ್ತಾ? ಸಿವಿಟಿಗೆ ಕೊಡೋ ಹೆಚ್ಚಿನ ದುಡ್ಡು ದಂಡವಾ? ಹಳ್ಳಿ ರಸ್ತೆಯ ಹಂಪ್‌ಗಳಿಗೆ ತಳ ಬಡಿಯುತ್ತಾ? ಸಿಎನ್‌ಜಿ ತಗೊಂಡ್ರೆ ಲಾಭ ಇದೆಯಾ?

ಬಟವಾಡಿ_ಬೈಪಾಸ್:

ಮೊದಲು ಗೇರ್‌ಬಾಕ್ಸ್ ಯಾವುದು ಅಂತ ತೀರ್ಮಾನ ಮಾಡಿ ಸರ್, ಕಾರು ತಾನಾಗೇ ಆಯ್ಕೆ ಆಗುತ್ತೆ. ಈ ಎರಡು ಕಾರಿನ ನಡುವೆ ನಿಜವಾದ ವ್ಯತ್ಯಾಸ ಇರೋದೇ ಅಲ್ಲಿ. ಉಳಿದ ಸ್ಕ್ರೀನ್, ಲೈಟು, ಸನ್‌ರೂಫ್ ಎಲ್ಲಾ ಶೋರೂಂ ಬಾಗಿಲವರೆಗಿನ ಮಾತು.

ಡಿಜೈರ್‌ನಲ್ಲಿರೋದು 1,197 ಸಿಸಿ ಮೂರು ಸಿಲಿಂಡರ್ ಎಂಜಿನ್. ಶಕ್ತಿ ಸುಮಾರು 82 ಪಿಎಸ್, ಟಾರ್ಕ್ (ಎಳೆಯೋ ಬಲ) 111.7 ಎನ್ಎಂ, ಅದೂ 4,300 ಆರ್‌ಪಿಎಂಗೆ. ಅಮೇಜ್‌ನಲ್ಲಿ 1,199 ಸಿಸಿ ನಾಲ್ಕು ಸಿಲಿಂಡರ್, 90 ಪಿಎಸ್, 110 ಎನ್ಎಂ, ಆದರೆ 4,800 ಆರ್‌ಪಿಎಂಗೆ. ಕಾಗದದ ಮೇಲೆ ಹೋಂಡಾ ಶಕ್ತಿಶಾಲಿ. ಟೌನ್ ಹಾಲ್ ಸರ್ಕಲ್‌ನಲ್ಲಿ ಎರಡನೇ ಗೇರ್‌ನಲ್ಲಿ ತೆವಳುವಾಗ ಚುರುಕು ಅನ್ನಿಸೋದು ಮಾತ್ರ ಡಿಜೈರ್. ಕೆಳಗಿನ ಆರ್‌ಪಿಎಂನಲ್ಲೇ ಎಳೆಯುತ್ತೆ, ಗಾಡಿ ತೂಕವೂ ಕಡಿಮೆ. ಹೆದ್ದಾರಿಯಲ್ಲಿ ನೂರರ ಮೇಲೆ ಓವರ್‌ಟೇಕ್ ಮಾಡುವಾಗ ಹೋಂಡಾ ಎಂಜಿನ್ ಮೇಲುಗೈ. ಐದು ಜನ, ಎಸಿ ಇದ್ದರೆ ಡಿಜೈರ್ ಎಳೆಯಲ್ಲ ಅಂತ ಆಗಲ್ಲ, ಆದರೆ ಏರಿನಲ್ಲಿ ಮೂರರಿಂದ ಎರಡಕ್ಕೆ ಬೇಗ ಇಳಿಸಬೇಕು. ಐಡಲ್‌ನಲ್ಲಿ ನಿಂತಾಗ ಸ್ಟಿಯರಿಂಗ್‌ನಲ್ಲಿ ಸಣ್ಣ ನಡುಕ ಗೊತ್ತಾಗುತ್ತೆ. ಅದು ಮೂರು ಸಿಲಿಂಡರ್ ಸ್ವಭಾವ, ದೋಷ ಅಲ್ಲ.

ಗೇರ್‌ಬಾಕ್ಸ್‌ಗೆ ಬರೋಣ. ಡಿಜೈರ್‌ನ ಆಟೋಮ್ಯಾಟಿಕ್ ಅಂದರೆ ಎಎಂಟಿ. ಅದೇ ಐದು ಗೇರಿನ ಮ್ಯಾನುವಲ್ ಬಾಕ್ಸ್, ಅದೇ ಕ್ಲಚ್ ಪ್ಲೇಟ್. ಕ್ಲಚ್ ಒತ್ತೋದು, ಗೇರ್ ಹಾಕೋದು ಮಾತ್ರ ಒಂದು ಆಕ್ಚುಯೇಟರ್ ಮಾಡುತ್ತೆ. ಹಾಗಾಗಿ ಮೈಲೇಜ್ ಹೋಗಲ್ಲ: ಕಂಪನಿ ಲೆಕ್ಕದಲ್ಲಿ ಲೀಟರ್‌ಗೆ ಮ್ಯಾನುವಲ್‌ಗೆ 24.79 ಕಿ.ಮೀ., ಎಎಂಟಿಗೆ 25.71. ಬದಲಿಗೆ ಒಂದರಿಂದ ಎರಡಕ್ಕೆ ಹೋಗುವಾಗ ತಲೆ ಸ್ವಲ್ಪ ಮುಂದಕ್ಕೆ ವಾಲುತ್ತೆ. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಅರ್ಧ ಗಂಟೆ ಇಂಚಿಂಚು ಸರಿಯುವಾಗ ಕ್ಲಚ್ ಪೂರ್ತಿ ಕಚ್ಚದೆ ಜಾರ್ತಾನೇ ಇರುತ್ತೆ, ಬಿಸಿ ಆಗುತ್ತೆ, ಸವೆಯುತ್ತೆ. ಎಎಂಟಿ ಓಡಿಸೋರು ಎರಡು ಕಲಿಯಬೇಕು. ಮುಂದಿನ ಗಾಡಿ ಒಂದು ಕಾರಿನಷ್ಟು ಜಾಗ ಬಿಡೋವರೆಗೆ ಬ್ರೇಕ್ ಮೇಲೇ ಕಾಲು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿ ನಿಲ್ಲಿಸಿಕೊಳ್ಳಬಾರದು. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರದ ಹಾಗೆ ತಡೆಯೋ ಹಿಲ್ ಹೋಲ್ಡ್ ಹಿಡಿಯೋದು ಎರಡು ಸೆಕೆಂಡ್ ಅಷ್ಟೇ, ಅಷ್ಟರಲ್ಲಿ ಹೊರಡಬೇಕು. ಇನ್ನೊಂದು, ಎಎಂಟಿಯಲ್ಲಿ 'ಪಿ' ಇರಲ್ಲ. ಇಳಿಜಾರಲ್ಲಿ ನಿಲ್ಲಿಸಿದರೆ ಹ್ಯಾಂಡ್‌ಬ್ರೇಕ್ ಎಳೆದು, ಲಿವರ್ 'ಡಿ' ಅಥವಾ 'ಆರ್'ನಲ್ಲಿ ಇಟ್ಟು ಎಂಜಿನ್ ಆಫ್ ಮಾಡಬೇಕು. ಇದನ್ನ ಡೆಲಿವರಿ ಕೊಡುವಾಗ ಎಷ್ಟೋ ಕಡೆ ಹೇಳೋದೇ ಇಲ್ಲ.

ಅಮೇಜ್‌ನ ಸಿವಿಟಿ ಬೇರೆಯದೇ ಜಾತಿ. ಗೇರ್ ಅನ್ನೋದೇ ಇಲ್ಲ; ಬೆಲ್ಟು, ಎರಡು ರಾಟೆ, ಟಾರ್ಕ್ ಕನ್ವರ್ಟರ್. ಟ್ರಾಫಿಕ್‌ನಲ್ಲಿ ಬೆಣ್ಣೆ. ಕಾಲು ತುಂಬಾ ಒತ್ತಿದರೆ ಎಂಜಿನ್ ಕೂಗುತ್ತೆ, ವೇಗ ಆಮೇಲೆ ಬರುತ್ತೆ. ಕಂಪನಿ ಮೈಲೇಜ್ 19.46. ಊರು, ಹೆದ್ದಾರಿ ಸೇರಿಸಿ ಕೈಗೆ ಸಿಗೋದು 15ರ ಆಸುಪಾಸು. ಡಿಜೈರ್ ಮ್ಯಾನುವಲ್‌ನಲ್ಲಿ 19ರ ಆಸುಪಾಸು. ಪೆಟ್ರೋಲ್ ಲೀಟರ್‌ಗೆ 103 ರೂಪಾಯಿ ಅಂತ ಹಿಡಿದರೆ ನಿಮ್ಮ ಸಾವಿರ ಕಿ.ಮೀ.ಗೆ 53 ಲೀಟರ್ ವಿರುದ್ಧ 67 ಲೀಟರ್. ತಿಂಗಳಿಗೆ 1,450 ರೂಪಾಯಿ ವ್ಯತ್ಯಾಸ, ವರ್ಷಕ್ಕೆ ಹದಿನೇಳು ಸಾವಿರದ ಮೇಲೆ.

ಇಬ್ಬರಲ್ಲಿ ಒಬ್ಬರಿಗೆ ಕ್ಲಚ್ ಬೇಡವೇ ಬೇಡ ಅಂದರೆ ಅಮೇಜ್ ಸಿವಿಟಿ. ಇಬ್ಬರಿಗೂ ಮ್ಯಾನುವಲ್ ಅಭ್ಯಾಸ ಇದ್ದರೆ ಡಿಜೈರ್ ಮ್ಯಾನುವಲ್, ಎರಡನೇ ಯೋಚನೆ ಬೇಡ. ಅಮೇಜ್ ಮ್ಯಾನುವಲ್, ಡಿಜೈರ್ ಎಎಂಟಿ ಎರಡೂ ನನ್ನ ಪ್ರಕಾರ ಎರಡನೇ ಸಾಲಿನ ಆಯ್ಕೆ.

ಕೊಬ್ಬರಿ_ಸೀಮೆ:

ಡಿಕ್ಕಿ: ಅಮೇಜ್ 416 ಲೀಟರ್, ಡಿಜೈರ್ 382. ಎರಡು ದೊಡ್ಡ ಸೂಟ್‌ಕೇಸ್, ಒಂದು ಚೀಲ ತೆಂಗಿನಕಾಯಿ ಎರಡರಲ್ಲೂ ಹಿಡಿಯುತ್ತೆ. ಅಗಲ ಅಮೇಜ್ 1,733 ಮಿ.ಮೀ., ಡಿಜೈರ್ 1,735. ಅಂದರೆ ಹಿಂದಿನ ಸೀಟಲ್ಲಿ ಮೂರನೆಯವರಿಗೆ ಎರಡರಲ್ಲೂ ಒಂದೇ ಕಷ್ಟ. ಮಗುವಿಗೆ ಚೈಲ್ಡ್ ಸೀಟ್ ಹಾಕಿದರೆ (ಹಾಕಲೇಬೇಕು, ಅದನ್ನ ಸಿಕ್ಕಿಸೋ ಐಸೋಫಿಕ್ಸ್ ಕೊಂಡಿ ಎರಡರಲ್ಲೂ ಇದೆ) ಉಳಿದ ಜಾಗದಲ್ಲಿ ದೊಡ್ಡವರು ಇಬ್ಬರು ಒತ್ತರಿಸಿಕೊಂಡೇ ಕೂರಬೇಕು. ಟೆಸ್ಟ್ ಡ್ರೈವ್‌ಗೆ ಚೈಲ್ಡ್ ಸೀಟ್ ಎತ್ತಿಕೊಂಡೇ ಹೋಗಿ.

ಅಮ್ಮನ ಮಂಡಿ ವಿಷಯ ಯಾರೂ ಹೇಳಲಿಲ್ಲ. ಸೆಡಾನ್‌ಗೆ ಕೂರೋದು ಸುಲಭ, ಏಳೋದು ಕಷ್ಟ. ಸೀಟು ಮಂಡಿಗಿಂತ ಕೆಳಗಿದ್ದರೆ ತೊಡೆ ಬಲದಲ್ಲಿ ಮೇಲೇಳಬೇಕು. ಶೋರೂಂನಲ್ಲಿ ಕಾರು ನುಣುಪಾದ ನೆಲದ ಮೇಲೆ ನಿಂತಿರುತ್ತೆ, ಬಾಗಿಲು ಪೂರ್ತಿ ತೆಗೆದಿರುತ್ತಾರೆ, ಅಲ್ಲಿ ಗೊತ್ತಾಗಲ್ಲ. ಟೆಸ್ಟ್ ಡ್ರೈವ್ ಗಾಡಿಯನ್ನ ನಿಮ್ಮ ಮನೆ ಮುಂದೆ ತರಿಸಿ. ನೀವು ದಿನಾ ನಿಲ್ಲಿಸೋ ಜಾಗದಲ್ಲಿ, ಪಕ್ಕದ ಗೋಡೆಗೋ ಚರಂಡಿ ಕಲ್ಲಿಗೋ ತಾಗದ ಹಾಗೆ ಬಾಗಿಲು ಎಷ್ಟು ತೆರೆಯುತ್ತೋ ಅಷ್ಟೇ ತೆಗೆದು, ಅಮ್ಮ ನಾಲ್ಕೈದು ಸಲ ಹತ್ತಿ ಇಳೀಲಿ. ಡಿಜೈರ್ ಎತ್ತರ 1,525, ಅಮೇಜ್ 1,500. ಎರಡರಲ್ಲೂ ಚಾವಣಿ ಹಿಂದಕ್ಕೆ ಇಳಿಜಾರು, ಅಪ್ಪ ಎತ್ತರದವರಾದರೆ ತಲೆ ತಾಗುತ್ತಾ ನೋಡಿಕೊಳ್ಳಿ. ಈ ಪರೀಕ್ಷೆಯಲ್ಲಿ ಅಮ್ಮ ಯಾವುದನ್ನ ಒಪ್ಪುತ್ತಾರೋ ಅದನ್ನ ತಗೊಳ್ಳಿ, ಮೈಲೇಜ್ ಲೆಕ್ಕ ಆಮೇಲೆ.

ಗ್ಯಾರೇಜ್_ಗುಬ್ಬಿಗೇಟ್:

ಹಂಪ್ ಕೇಳಿದ್ರಲ್ಲ ಅಣ್ಣ, ಅದಕ್ಕೆ ಉತ್ತರ.

ಗ್ರೌಂಡ್ ಕ್ಲಿಯರೆನ್ಸ್ ಅಮೇಜ್‌ಗೆ 172 ಮಿ.ಮೀ., ಡಿಜೈರ್‌ಗೆ 163. ಇದು ಖಾಲಿ ಗಾಡೀದು. ಐದು ಜನ ಕೂತು ಡಿಕ್ಕಿಗೆ 50 ಕೆಜಿ ಕಾಯಿ ಹಾಕಿದ್ರೆ ಹಿಂದುಗಡೆ ಸ್ಪ್ರಿಂಗ್ ಕೂತು ಬಿಡುತ್ತೆ, ಆಗ 9 ಮಿ.ಮೀ. ಮುಖ್ಯ ಆಗುತ್ತೆ. ನಮ್ಮ ಕಡೆ ಊರಿನೋರು ತಾವೇ ಹಾಕ್ಕೊಂಡಿರೋ ಹಂಪ್‌ಗೆ ಅಳತೆನೂ ಇಲ್ಲ, ಬಣ್ಣಾನೂ ಇಲ್ಲ. ತುಂಬಿದ ಗಾಡೀಲಿ ಅಂಥ ಹಂಪ್ ದಾಟೋವಾಗ ಮೊದಲನೇ ಗೇರ್, ಸ್ವಲ್ಪ ಓರೆ ಮಾಡಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಬೇಕು. ಹಂಪ್ ಮೇಲೆ ಇರೋವಾಗ ಬ್ರೇಕ್ ಒತ್ತಬೇಡಿ. ಬ್ರೇಕ್ ಒತ್ತಿದ್ರೆ ಮೂತಿ ಕೆಳಗೆ ಬಗ್ಗುತ್ತೆ, ಬಡಿಯೋದೇ ಆಗ. ಬ್ರೇಕ್ ಹಂಪ್‌ಗೆ ಮುಂಚೆ ಮುಗಿಸಿ, ಮೇಲೆ ಉರುಳ್ಕೊಂಡು ಹೋಗ್ಲಿ.

ಮೊದಲು ಹೋಗೋದು ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಕವರ್ ಕ್ಲಿಪ್. ಎರಡು ಕ್ಲಿಪ್ ಮುರಿದ್ರೆ ಕವರ್ ಜೋತು ಬಿದ್ದು ಹೆದ್ದಾರೀಲಿ ಪಟಪಟ ಅನ್ನುತ್ತೆ. ಜನ ಎಂಜಿನ್ನೇ ಹೋಯ್ತು ಅಂತ ಗಾಬರಿ ಬೀಳ್ತಾರೆ. ಕ್ಲಿಪ್ ಬೆಲೆ ಚಿಲ್ಲರೆ. ಆದರೆ ಹಾಕಿಸದೆ ಬಿಟ್ರೆ ಗಾಳಿಗೆ ಕವರ್ ಪೂರ್ತಿ ಹರಿದು ಹೋಗುತ್ತೆ, ಮಣ್ಣು ನೀರು ಬೆಲ್ಟ್‌ಗೆ ಎರಚುತ್ತೆ. ಪ್ರತಿ ಸರ್ವೀಸ್‌ನಲ್ಲಿ ಗಾಡಿ ಲಿಫ್ಟ್ ಮೇಲೆ ಇದ್ದಾಗ ಕೆಳಗೆ ನಿಂತು ನೋಡಿ: ಕವರ್ ಕ್ಲಿಪ್, ಸೈಲೆನ್ಸರ್ ಪೈಪ್ ನೇತಾಕಿರೋ ರಬ್ಬರ್, ಚಕ್ರದ ಒಳಗಿನ ಸಿವಿ ಜಾಯಿಂಟ್ ರಬ್ಬರ್ ಬೂಟ್. ಬೂಟ್ ಹರಿದು ಗ್ರೀಸ್ ಚೆಲ್ಲಿದ್ರೆ ತಕ್ಷಣ ಹಾಕಿಸಿ. ಬಿಟ್ರೆ ಜಾಯಿಂಟ್ ಒಳಗೆ ಮರಳು ಸೇರಿ ತಿರುವಲ್ಲಿ ಕಟಕಟ ಶುರು, ಆಮೇಲೆ ಇಡೀ ಆಕ್ಸಲ್ ಬದಲಾಯಿಸೋ ಖರ್ಚು.

ಟೈರ್ ಮಾತು. ಡಿಜೈರ್‌ನಲ್ಲಿ ಝಡ್‌ಎಕ್ಸ್‌ಐಗಿಂತ ಕೆಳಗಿನ ವಿಎಕ್ಸ್‌ಐಗೆ 165/80 ಆರ್14, ಝಡ್‌ಎಕ್ಸ್‌ಐಗೆ 185/65 ಆರ್15. ಲೆಕ್ಕ ಹಾಕಿ: 14 ಇಂಚಿನದ್ರಲ್ಲಿ ಟೈರ್ ಗೋಡೆ 132 ಮಿ.ಮೀ., 15ರಲ್ಲಿ 120. ಗುಂಡಿಗೆ ಬಿದ್ದಾಗ ಏಟು ತಿನ್ನೋದು ಈ ಗೋಡೆ. ಝಡ್‌ಎಕ್ಸ್‌ಐಯ ಅಲಾಯ್ ಬಗ್ಗಿದ್ರೆ, ಬಿರುಕು ಬಿಟ್ರೆ ಒಂದು ಚಕ್ರಕ್ಕೆ ಸಾವಿರಾರು ರೂಪಾಯಿ. ವಿಎಕ್ಸ್‌ಐಯ ಕಬ್ಬಿಣದ ಡಿಸ್ಕ್ ಬಗ್ಗಿದ್ರೆ ತಟ್ಟಿ ನೇರ ಮಾಡಿ ಕೊಡ್ತಾರೆ. ಆದರೆ ಹೆದ್ದಾರೀಲಿ, ಮಳೇಲಿ ಬ್ರೇಕ್ ಹಿಡಿತ ಅಗಲ ಟೈರ್‌ದೇ ಚೆನ್ನಾಗಿರುತ್ತೆ. ನಿಮ್ಮ ಓಡಾಟ ಜಾಸ್ತಿ ಬೆಂಗಳೂರು ಕಡೆ, ಹಾಗಾಗಿ 15 ಇಂಚೇ ಇರ್ಲಿ. ಗಾಳಿ ಎಷ್ಟು ಅಂತ ಬಂಕ್ ಹುಡುಗನ್ನ ಕೇಳಬೇಡಿ, ಡ್ರೈವರ್ ಬಾಗಿಲ ಕಂಬದ ಮೇಲೆ ಸ್ಟಿಕ್ಕರ್ ಇರುತ್ತೆ. ತುಂಬಿದ ಗಾಡಿಗೆ ಬೇರೆ ಅಂಕಿ ಕೊಟ್ಟಿದ್ರೆ ತೋಟಕ್ಕೆ ಹೊರಡೋ ಹಿಂದಿನ ದಿನ ಅಷ್ಟು ಹಾಕಿಸಿ.

ಕೊನೇದು, ಕೂಲಂಟ್ ಕಡಿಮೆ ಆದ್ರೆ ಬೋರ್‌ವೆಲ್ ನೀರು ಹಾಕೋರು ಇನ್ನೂ ಇದಾರೆ. ನಮ್ಮ ಜಿಲ್ಲೆ ಬೋರ್ ನೀರಲ್ಲಿ ಸುಣ್ಣ ಜಾಸ್ತಿ, ಪಾವಗಡ, ಮಧುಗಿರಿ ಕಡೆ ಕೇಳೋದೇ ಬೇಡ. ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಲ್ಲ, ಅದೇ ರೇಡಿಯೇಟರ್ ಕೊಳವೆಯಲ್ಲೂ ಕಟ್ಟುತ್ತೆ. ಆಮೇಲೆ ಹೀಟ್ ಆಗಿ ಹೆಡ್ ಗ್ಯಾಸ್ಕೆಟ್ ಹೋಗುತ್ತೆ. ಕಂಪನಿ ಹೇಳಿದ ರೆಡಿ ಮಿಕ್ಸ್ ಕೂಲಂಟ್ ಒಂದು ಲೀಟರ್ ಮನೇಲಿ ಇಟ್ಕೊಳ್ಳಿ.

ಶಿರಾಗೇಟ್_ವಾಸಿ:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಹೆಂಡತಿಗೆ ಆಟೋಮ್ಯಾಟಿಕ್ಕೇ ಬೇಕು, ಹಾಗಾಗಿ ಅಮೇಜ್ ಕಡೆ ವಾಲ್ತಾ ಇದೀವಿ. ವಿಎಕ್ಸ್ ಸಿವಿಟಿ ಹತ್ತೂವರೆಗೆ ಬರುತ್ತಾ? ಶೋರೂಂನವರು ಫೋನಿನಲ್ಲಿ 'ಬನ್ನಿ ಸರ್ ಕೂತು ಮಾತಾಡೋಣ' ಅಂತಾರೆ ಹೊರತು ಆನ್‌ರೋಡ್ ಹೇಳ್ತಿಲ್ಲ.

ಲೆಕ್ಕದ_ಪುಸ್ತಕ:

ಆನ್‌ರೋಡ್ ನೀವೇ ಲೆಕ್ಕ ಹಾಕಬಹುದು. ಕರ್ನಾಟಕದಲ್ಲಿ ಎಕ್ಸ್-ಶೋರೂಂ ಬೆಲೆ (ರಸ್ತೆ ತೆರಿಗೆ, ವಿಮೆ ಸೇರದ್ದು) 5 ರಿಂದ 10 ಲಕ್ಷದ ಕಾರಿಗೆ ಜೀವಾವಧಿ ತೆರಿಗೆ 14%, 10 ರಿಂದ 20 ಲಕ್ಷಕ್ಕೆ 17%. ಆ ತೆರಿಗೆಯ ಮೇಲೆ 11% ಸೆಸ್. ಅಂದರೆ 14% ಎನ್ನುವುದು ವಾಸ್ತವದಲ್ಲಿ 15.54%. ಉದಾಹರಣೆಗೆ ಎಕ್ಸ್-ಶೋರೂಂ 9 ಲಕ್ಷ ಎಂದಿಟ್ಟುಕೊಳ್ಳಿ: ತೆರಿಗೆ 1,26,000, ಸೆಸ್ 13,860, ವಿಮೆ ಸುಮಾರು 40,000, ನಂಬರ್ ಪ್ಲೇಟ್, ಫಾಸ್ಟ್ಯಾಗ್, ನೋಂದಣಿ ಶುಲ್ಕ ಚಿಲ್ಲರೆ. ಒಟ್ಟು 10.8 ಲಕ್ಷದ ಹತ್ತಿರ. ಹಿಂದಕ್ಕೆ ಎಣಿಸಿದರೆ, ಹತ್ತೂವರೆ ಲಕ್ಷ ಆನ್‌ರೋಡ್‌ಗೆ ಎಕ್ಸ್-ಶೋರೂಂ 8.7 ಲಕ್ಷ ದಾಟಬಾರದು. ಯಾವ ವೇರಿಯಂಟ್ ಆ ಗೆರೆಯೊಳಗಿದೆ ಎಂದು ಕಂಪನಿ ವೆಬ್‌ಸೈಟಿನ ಇವತ್ತಿನ ಬೆಲೆ ಪಟ್ಟಿಯಲ್ಲೇ ನೋಡಿ, ಯಾರ ಬಾಯಿಮಾತೂ ಬೇಡ. 2025ರ ಸೆಪ್ಟೆಂಬರ್ 22ರಿಂದ ಈ ಅಳತೆಯ ಪೆಟ್ರೋಲ್ ಕಾರುಗಳಿಗೆ ಜಿಎಸ್‌ಟಿ ಮತ್ತು ಸೆಸ್ ಸೇರಿ 29% ಇದ್ದದ್ದು 18%ಕ್ಕೆ ಇಳಿದಿದೆ, ಹಳೆಯ ವಿಡಿಯೋಗಳಲ್ಲಿ ಹೇಳುವ ಬೆಲೆ ಲೆಕ್ಕಕ್ಕಿಲ್ಲ.

ವಿಎಕ್ಸ್ ಸಿವಿಟಿ ನಿಮ್ಮ ಗೆರೆ ದಾಟಿದರೆ ಕೆಳಗಿನ ವಿ ವೇರಿಯಂಟ್‌ನಲ್ಲೂ ಸಿವಿಟಿ ಇದೆ. 6 ಏರ್‌ಬ್ಯಾಗ್, ಸ್ಟೆಬಿಲಿಟಿ ಕಂಟ್ರೋಲ್ ಎರಡೂ ಕಾರುಗಳಲ್ಲಿ ಕೆಳಗಿನ ವೇರಿಯಂಟ್‌ನಿಂದಲೇ ಬರುತ್ತವೆ, ಅದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ. ಹಿಂದೆ ಕೂರುವವರಿಗೆ ಎಸಿ ಗಾಳಿ ಕಿಂಡಿ ಇದೆಯೇ ಎಂದು ಮಾತ್ರ ವೇರಿಯಂಟ್ ಪಟ್ಟಿಯಲ್ಲಿ ಖಾತ್ರಿ ಮಾಡಿಕೊಳ್ಳಿ. ಏಪ್ರಿಲ್ ಬಿಸಿಲಿನಲ್ಲಿ ವಯಸ್ಸಾದವರಿಗೆ ಅದು ಸನ್‌ರೂಫ್‌ಗಿಂತ ಮುಖ್ಯ.

ಯಾರಾದರೂ ಅಮೇಜ್‌ನ ಮೇಲಿನ ಝಡ್‌ಎಕ್ಸ್ ಕಡೆ ಎಳೆದರೆ 10 ಲಕ್ಷದ ಗೆರೆ ನೆನಪಿರಲಿ. ಎಕ್ಸ್-ಶೋರೂಂ 9.9 ಲಕ್ಷಕ್ಕೆ ತೆರಿಗೆ, ಸೆಸ್ ಸೇರಿ 1,53,846, 10.1 ಲಕ್ಷಕ್ಕೆ 1,90,587. ಇಪ್ಪತ್ತು ಸಾವಿರ ಬೆಲೆ ಏರಿದ್ದಕ್ಕೆ ಮೂವತ್ತೇಳು ಸಾವಿರ ತೆರಿಗೆ ಏರಿತು. ಜೊತೆಗೆ 10 ಲಕ್ಷ ದಾಟಿದರೆ 1% ಟಿಸಿಎಸ್ (ಮಾರುವವರೇ ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ) ಹಿಡಿಯುತ್ತಾರೆ. ಅದು ಐಟಿ ರಿಟರ್ನ್ಸ್‌ನಲ್ಲಿ ವಾಪಸ್ ಸಿಗುತ್ತದೆ, ಆದರೆ ಅವತ್ತು ಕೈಯಿಂದ ಹೋಗುತ್ತದೆ.

ವಿಮೆ. ಹೊಸ ಕಾರಿಗೆ ಥರ್ಡ್ ಪಾರ್ಟಿ ಮೂರು ವರ್ಷಕ್ಕೆ ಒಟ್ಟಿಗೇ ಕಟ್ಟಬೇಕು. 1,000 ರಿಂದ 1,500 ಸಿಸಿಗೆ 10,640 ರೂಪಾಯಿ, ಮೇಲೆ 18% ಜಿಎಸ್‌ಟಿ. ಇದು ಎಲ್ಲ ಕಂಪನಿಗೂ ಒಂದೇ. ವ್ಯತ್ಯಾಸ ಇರುವುದು ಮೊದಲ ವರ್ಷದ ಓನ್ ಡ್ಯಾಮೇಜ್ (ನಿಮ್ಮ ಗಾಡಿಯ ಹಾನಿ) ಭಾಗದಲ್ಲಿ ಮತ್ತು ಆಡ್-ಆನ್‌ಗಳಲ್ಲಿ (ಹೆಚ್ಚುವರಿ ರಕ್ಷಣೆ). ಝೀರೋ ಡೆಪ್ರಿಸಿಯೇಷನ್ (ಬಿಡಿಭಾಗದ ಸವಕಳಿ ಕಳೆಯದೆ ಕೊಡುವುದು), ರಿಟರ್ನ್ ಟು ಇನ್‌ವಾಯ್ಸ್ (ಗಾಡಿ ಪೂರ್ತಿ ಹೋದರೆ ಬಿಲ್ಲಿನ ಬೆಲೆ ಕೊಡುವುದು), ಎಂಜಿನ್ ಪ್ರೊಟೆಕ್ಷನ್ ಇಷ್ಟು ಸಾಕು. ಕೀ ಕಳೆದರೆ, ಸಾಮಾನು ಕಳುವಾದರೆ ಎಂಬವನ್ನೆಲ್ಲ ತೆಗೆಸಿ. ಡೀಲರ್ ಹತ್ತಿರವೇ ವಿಮೆ ತಗೋಬೇಕೆಂಬ ನಿಯಮ ಇಲ್ಲ. ಹೊರಗಡೆಯಿಂದ ಅದೇ ಐಡಿವಿ (ವಿಮೆಯಲ್ಲಿ ಗಾಡಿಗೆ ಕಟ್ಟುವ ಬೆಲೆ), ಅದೇ ಆಡ್-ಆನ್‌ಗೆ ಒಂದು ಕೊಟೇಶನ್ ತಂದು ಮೇಜಿನ ಮೇಲೆ ಇಡಿ, ಸಾಮಾನ್ಯವಾಗಿ ಅವರೂ ಇಳಿಸುತ್ತಾರೆ. ಬಿಲ್ಲಿನಲ್ಲಿ ಹ್ಯಾಂಡ್ಲಿಂಗ್ ಚಾರ್ಜ್, ಲಾಜಿಸ್ಟಿಕ್ಸ್ ಎಂಬ ಸಾಲು ಕಂಡರೆ ಗೀಟು ಹಾಕಿಸಿ. ಆಕ್ಸೆಸರಿ ಕಿಟ್ ಕಡ್ಡಾಯ ಎಂದರೆ ಯಾವ ವಸ್ತು, ಎಷ್ಟು ಬೆಲೆ ಎಂದು ಬರೆದು ಕೊಡಲು ಹೇಳಿ.

ಸಾಲ. 6 ಲಕ್ಷಕ್ಕೆ 9% ಬಡ್ಡಿಯಲ್ಲಿ ಐದು ವರ್ಷದ ಕಂತು 12,455. ಏಳು ವರ್ಷಕ್ಕೆ 9,653 ಎಂದು ಆಸೆ ಹುಟ್ಟಿಸುತ್ತಾರೆ. ಒಟ್ಟು ಕಟ್ಟುವುದು 63 ಸಾವಿರಕ್ಕೂ ಹೆಚ್ಚು ಜಾಸ್ತಿ.

ಹೆದ್ದಾರಿ_48:

ಬಟವಾಡಿಯವರ ಮಾತಿಗೆ ಒಂದು ಆಕ್ಷೇಪ. ಡಿಜೈರ್ ಎಎಂಟಿಯನ್ನ ಎರಡನೇ ಸಾಲಿಗೆ ತಳ್ಳಿದ್ದು ಸರಿ ಅಲ್ಲ. ವಾರಕ್ಕೊಂದು ದಿನ ಬೆಂಗಳೂರು ಜಾಮ್, ಉಳಿದ ದಿನ ಖಾಲಿ ರಸ್ತೆ. ಇಂಥ ಓಡಾಟಕ್ಕೆ ಕ್ಲಚ್ ಅಷ್ಟು ಬೇಗ ಹೋಗಲ್ಲ. ಸಿವಿಟಿಗಿಂತ ಕೊಳ್ಳುವಾಗಲೂ ಕಡಿಮೆ, ಪೆಟ್ರೋಲ್‌ನಲ್ಲೂ ಕಡಿಮೆ. ಸಿವಿಟಿ ಕೆಟ್ಟರೆ ಗುಬ್ಬಿ, ತಿಪಟೂರಿನಲ್ಲಿ ಬಿಚ್ಚೋರು ಯಾರು? ಎಎಂಟಿಯ ಕ್ಲಚ್ ಪ್ಲೇಟ್ ಹಾಕೋರು ಜಿಲ್ಲೆ ತುಂಬಾ ಇದ್ದಾರೆ. ಹೋಂಡಾ ಸರ್ವೀಸ್ ಜಾಲ ಮಾರುತಿಯಷ್ಟು ಹರಡಿಲ್ಲ ಅನ್ನೋದನ್ನೂ ತೂಕಕ್ಕೆ ಹಾಕಿ. ಇದಕ್ಕೆ ಪ್ರತಿಯಾಗಿ ಹೋಂಡಾ ವಾರಂಟಿ 3 ವರ್ಷ, ಕಿ.ಮೀ. ಮಿತಿ ಇಲ್ಲ, ದುಡ್ಡು ಕಟ್ಟಿ 7 ವರ್ಷಕ್ಕೆ ವಿಸ್ತರಿಸಬಹುದು. ಮಾರುತಿಯದು 3 ವರ್ಷ ಅಥವಾ 1 ಲಕ್ಷ ಕಿ.ಮೀ. ಸಿವಿಟಿ ತಗೊಂಡರೆ ಆ ವಿಸ್ತರಣೆ ಮಾಡಿಸಲೇಬೇಕು, ಅದರ ದುಡ್ಡನ್ನೂ ಬಜೆಟ್‌ಗೆ ಸೇರಿಸಿ. ಸಿವಿಟಿ ಎಣ್ಣೆ ಕೈಪಿಡಿಯಲ್ಲಿ ಹೇಳಿದ ಕಿ.ಮೀ.ಗೆ, ಹೋಂಡಾದ್ದೇ ಹಾಕಿಸಬೇಕು. ಹೊರಗಿನ ಯಾವುದೋ ಆಟೋಮ್ಯಾಟಿಕ್ ಗೇರ್ ಎಣ್ಣೆ (ಎಟಿಎಫ್) ಸುರಿದರೆ ಬೆಲ್ಟ್ ಜಾರಿ ಬಾಕ್ಸ್ ಹೋಗುತ್ತೆ.

ಸುರಕ್ಷತೆಯಲ್ಲಿ ಎರಡೂ ಈಗ ಚೆನ್ನಾಗಿವೆ. ಡಿಜೈರ್‌ಗೆ 2024ರ ನವೆಂಬರ್‌ನಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ ಕ್ರ್ಯಾಶ್ ಟೆಸ್ಟ್‌ನಿಂದ ದೊಡ್ಡವರ ರಕ್ಷಣೆಗೆ 5 ಸ್ಟಾರ್, ಮಕ್ಕಳಿಗೆ 4. ಅಮೇಜ್‌ಗೆ ಭಾರತ್ ಎನ್‌ಕ್ಯಾಪ್‌ನಲ್ಲಿ ಅದೇ 5 ಮತ್ತು 4. ಹಿಂದೆ ಕೂತವರು ಬೆಲ್ಟ್ ಹಾಕದಿದ್ದರೆ ಈ ಸ್ಟಾರ್ ಎಲ್ಲಾ ಸೊನ್ನೆ.

ಅಮೇಜ್ ಝಡ್‌ಎಕ್ಸ್‌ನ ಎಡಾಸ್ (ಓಡಿಸೋರಿಗೆ ನೆರವಾಗೋ ವ್ಯವಸ್ಥೆ) ಕ್ಯಾಮೆರಾ ನಂಬಿಕೊಂಡು ಕೆಲಸ ಮಾಡೋದು. ತುಮಕೂರು–ನೆಲಮಂಗಲ ಹೆದ್ದಾರಿಯಲ್ಲಿ ಗೆರೆ ಇರೋವರೆಗೆ ಚೆನ್ನ, ತುರುವೇಕೆರೆ ರಸ್ತೆಯಲ್ಲಿ ಅದಕ್ಕೆ ಹಿಡಿಯೋಕೆ ಗೆರೆ ಎಲ್ಲಿದೆ? ಮೇಲಾಗಿ ಮುಂದಿನ ಗಾಜು ಒಡೆದರೆ ಗಾಜಿನ ಜೊತೆ ಕ್ಯಾಮೆರಾ ಮತ್ತೆ ಹೊಂದಿಸೋ ಖರ್ಚು. ನಿಮ್ಮ ಬಜೆಟ್‌ಗೆ ಅದು ಬೇಡ.

ಸಿಎನ್‌ಜಿ: ಕಂಪನಿ ಕಿಟ್ ಇರೋದು ಡಿಜೈರ್‌ಗೆ ಮಾತ್ರ, ಅದೂ ಮ್ಯಾನುವಲ್‌ನಲ್ಲಿ. ಪೆಟ್ರೋಲ್‌ಗಿಂತ ಸುಮಾರು 90 ಸಾವಿರ ಜಾಸ್ತಿ. ಕಂಪನಿ ಲೆಕ್ಕ ಕೆಜಿಗೆ 33.73 ಕಿ.ಮೀ.; ಕೈಗೆ 27 ಬರುತ್ತೆ, ಕೆಜಿಗೆ 90 ರೂಪಾಯಿ ಅಂತ ಹಿಡಿದರೆ ಕಿ.ಮೀ.ಗೆ 3.33. ಪೆಟ್ರೋಲ್‌ನಲ್ಲಿ 19ರ ಲೆಕ್ಕಕ್ಕೆ 5.42. ತಿಂಗಳಿಗೆ ಎರಡು ಸಾವಿರ ಉಳಿತಾಯ, ಹಾಕಿದ ದುಡ್ಡು ವಾಪಸ್ ಬರೋಕೆ ನಾಲ್ಕು ವರ್ಷದ ಹತ್ತಿರ. ಅಷ್ಟಕ್ಕೆ ಡಿಕ್ಕಿ ಸಿಲಿಂಡರ್ ಪಾಲು, ಏರಿನಲ್ಲಿ ಸುಮಾರು 70 ಪಿಎಸ್ ಮಾತ್ರ, ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಹೈಡ್ರೋ ಟೆಸ್ಟ್ (ಒತ್ತಡ ತಡೆಯುತ್ತಾ ಅನ್ನೋ ಪರೀಕ್ಷೆ). ಡಿಕ್ಕಿಗೋಸ್ಕರ ಸೆಡಾನ್ ಹುಡುಕಿದವರಿಗೆ ಇದು ಆಗಿಬರಲ್ಲ.

ಬಿಳಿ ಡಿಜೈರ್ ಬಗ್ಗೆ ಒಂದು ಮಾತು. ಬಸ್ ಸ್ಟ್ಯಾಂಡ್ ಪಕ್ಕ ನಿಲ್ಲಿಸಿದರೆ 'ಬಾಡಿಗೆಗೆ ಬರುತ್ತಾ' ಅಂತ ಕಿಟಕಿ ತಟ್ಟುತ್ತಾರೆ. ಬೇರೆ ಬಣ್ಣ ನೋಡಿ.

ಬಟವಾಡಿ_ಬೈಪಾಸ್:

ಎಎಂಟಿ ಮೇಲಿನ ಆಕ್ಷೇಪ ಅರ್ಧ ಒಪ್ಪುತ್ತೇನೆ. ರಿಪೇರಿ ಮಾತು ಸರಿ. ಆದರೆ ಅವರ ಮನೆಯವರು ಕೇಳ್ತಿರೋದು ನೆಮ್ಮದಿಯ ಆಟೋಮ್ಯಾಟಿಕ್. ಎಎಂಟಿಯ ತೊನೆದಾಟ ಕೆಲವರಿಗೆ ಲೆಕ್ಕಕ್ಕೇ ಬರಲ್ಲ, ಕೆಲವರಿಗೆ ಹತ್ತೇ ನಿಮಿಷದಲ್ಲಿ ಸಾಕಾಗುತ್ತೆ. ಅದು ಓಡಿಸದೆ ಗೊತ್ತಾಗಲ್ಲ. ಒಂದೇ ದಿನ ಎರಡನ್ನೂ ಓಡಿಸಿ, ಮನೆಯವರೇ ಸ್ಟಿಯರಿಂಗ್ ಹಿಡೀಲಿ. ಬಿ.ಎಚ್. ರಸ್ತೆಯಲ್ಲಿ ಸಂಜೆ ಆರರ ಹೊತ್ತಿಗೆ ಒಂದು ಸುತ್ತು, ಕ್ಯಾತ್ಸಂದ್ರದ ಕಡೆ ಹೆದ್ದಾರಿಗೆ ಒಂದು ಸುತ್ತು. ಶೋರೂಂನವರು ಒಪ್ಪಿದರೆ ಐವರನ್ನೂ ಕೂರಿಸಿ ಎಸಿ ಹಾಕಿ ದೇವರಾಯನದುರ್ಗದ ಏರಿಗೆ ಹೋಗಿ. ತಿರುವಿನಲ್ಲಿ ಬೇಕಂತಲೇ ಒಂದು ಸಲ ಪೂರ್ತಿ ನಿಲ್ಲಿಸಿ ಮತ್ತೆ ಹೊರಡಿ. ಹಿಂದಕ್ಕೆ ಎಷ್ಟು ಜಾರುತ್ತೆ, ಎಷ್ಟು ಕೂಗುತ್ತೆ ಅನ್ನೋದು ಅಲ್ಲೇ ಗೊತ್ತಾಗಿ ಹೋಗುತ್ತೆ.

ಶಿರಾಗೇಟ್_ವಾಸಿ:

ಭಾನುವಾರಕ್ಕೆ ಎರಡೂ ಟೆಸ್ಟ್ ಡ್ರೈವ್ ಹೇಳಿದೀನಿ, ಅಮ್ಮನಿಗಾಗಿ ಗಾಡಿ ಮನೆ ಹತ್ರಾನೇ ತರಿಸ್ತೀವಿ. ಬುಕ್ ಮಾಡಿದ ಮೇಲೆ ಗಾಡಿ ಕೈಗೆ ಬರೋವಾಗ ಏನೇನು ನೋಡಬೇಕು, ಅದೊಂದು ಹೇಳಿಬಿಡಿ.

ಲೆಕ್ಕದ_ಪುಸ್ತಕ:

ಮುಖ್ಯ ನಿಯಮ: ನೋಂದಣಿಗೆ ಮೊದಲು ನೋಡಬೇಕು. ಕೆಎ-06 ನಂಬರ್ ಬಿದ್ದ ಮೇಲೆ ಕಾರು ನಿಮ್ಮದು, ಆಮೇಲೆ ಬದಲಾಯಿಸಿ ಕೊಡಲ್ಲ. ಬಾಕಿ ಹಣ ಪೂರ್ತಿ ಕಟ್ಟುವ ಮೊದಲು, ಚಾಸಿಸ್ ನಂಬರ್ ಅಲಾಟ್ ಆದ ತಕ್ಷಣ, ಹಗಲು ಹೊತ್ತಿನಲ್ಲಿ ಸ್ಟಾಕ್‌ಯಾರ್ಡ್‌ಗೆ ಹೋಗಿ. ತೊಳೆದು ಪಾಲಿಶ್ ಮಾಡುವ ಮೊದಲೇ ನೋಡುವುದು ಒಳ್ಳೆಯದು.

ತಯಾರಾದ ತಿಂಗಳು, ವರ್ಷ ಕೇಳಿ, ಕಂಪನಿ ಕೊಡುವ ಫಾರ್ಮ್ 22 ಪ್ರಮಾಣಪತ್ರದಲ್ಲಿ ಹೊಂದಿಸಿ ನೋಡಿ. ಜನವರಿ, ಫೆಬ್ರವರಿಯಲ್ಲಿ ಕೊಳ್ಳುವುದಾದರೆ ಹಿಂದಿನ ವರ್ಷದ ಗಾಡಿ ತಳ್ಳುತ್ತಾರೆ. ಮಾರುವಾಗ ಒಂದು ವರ್ಷ ಹಳೆಯದಾಗಿ ಎಣಿಸುತ್ತಾರೆ, ಆ ಮಟ್ಟಿಗೆ ರಿಯಾಯಿತಿ ಇಲ್ಲದಿದ್ದರೆ ಬೇಡ. ಟೈರ್ ಮೇಲೆ ನಾಲ್ಕು ಅಂಕಿ ಇರುತ್ತದೆ: 3225 ಎಂದರೆ 2025ರ 32ನೇ ವಾರ. ನಾಲ್ಕೂ ಟೈರ್, ಸ್ಟೆಪ್ನಿ ಹೆಚ್ಚುಕಡಿಮೆ ಒಂದೇ ಸಮಯದ್ದಾಗಿರಬೇಕು. ಸ್ಟೆಪ್ನಿ ಅಳತೆ ಉಳಿದ ನಾಲ್ಕರದ್ದೇ ಹೌದಾ ಎಂದೂ ನೋಡಿ, ಚಿಕ್ಕದಾದರೆ ಎಷ್ಟು ವೇಗಕ್ಕೆ ಮಿತಿ ಎಂದು ಕೈಪಿಡಿಯಲ್ಲಿ ಇರುತ್ತದೆ.

ಬಂಪರ್‌ನ ಕೆಳ ಅಂಚು, ಬಾಗಿಲ ಅಂಚುಗಳಲ್ಲಿ ಬಣ್ಣದ ಛಾಯೆ ಬದಲಾಗಿದೆಯಾ ನೋಡಿ. ಲಾರಿಯಿಂದ ಇಳಿಸುವಾಗ ತಾಗಿದ್ದನ್ನು ಬಣ್ಣ ಹೊಡೆದು ಕೊಡುವುದುಂಟು. ಎಲ್ಲ ಗಾಜಿನ ಮೇಲಿನ ಗುರುತು ಒಂದೇ ಕಂಪನಿಯದಿರಲಿ. ಸೈಲೆನ್ಸರ್ ಬೆಸುಗೆ ಹತ್ತಿರ ಸ್ವಲ್ಪ ತುಕ್ಕು ಕಂಡರೆ ಗಾಬರಿ ಬೇಡ, ಅದು ಸಾಮಾನ್ಯ. ಎಸಿ, ನಾಲ್ಕೂ ಕಿಟಕಿ, ವೈಪರ್, ರಿವರ್ಸ್ ಕ್ಯಾಮೆರಾ, ಎರಡೂ ಕೀ ಒಂದೊಂದಾಗಿ ಕೆಲಸ ಮಾಡಿಸಿ. ಜ್ಯಾಕ್, ವೀಲ್ ಸ್ಪ್ಯಾನರ್, ಎಳೆಯುವ ಕೊಂಡಿ, ತ್ರಿಕೋನ ಫಲಕ ಎಣಿಸಿಕೊಳ್ಳಿ. ಏನಾದರೂ ಕಂಡರೆ ಚಾಸಿಸ್ ನಂಬರ್ ಸಮೇತ ಫೋಟೋ ತೆಗೆದು ಮೇಲ್ ಹಾಕಿ. 'ಆಯ್ತು ಸರ್ ಸರಿ ಮಾಡಿಸ್ತೀವಿ' ಎನ್ನುವ ಬಾಯಿಮಾತಿಗೆ ಬಾಕಿ ದುಡ್ಡು ಕಟ್ಟಬೇಡಿ.

ಹೆದ್ದಾರಿ_48:

ಒಂದು ಬಿಟ್ಟುಹೋಯ್ತು. ವಾರವಾರ ಬೆಂಗಳೂರು ಅಂದರೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ನೋಡಿ. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಶುರುವಾದದ್ದು, ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅದು. ಒಂದು ಟೋಲ್ ದಾಟಿದರೆ ಒಂದು ಟ್ರಿಪ್. ಹೋಗಿ ಬರೋಕೆ ನಾಲ್ಕು ಟೋಲ್ ಆದರೆ 50 ವಾರಕ್ಕೆ ಸರಿಯಾಗಿ ಮುಗಿಯುತ್ತೆ. ಆದರೆ ಶೋರೂಂನಲ್ಲಿ ಅಂಟಿಸಿ ಕೊಡೋ ಫಾಸ್ಟ್ಯಾಗ್ ಚಾಸಿಸ್ ನಂಬರ್ ಮೇಲೆ ಇರುತ್ತೆ, ಅದಕ್ಕೆ ಪಾಸ್ ಸಿಗಲ್ಲ. ಆರ್‌ಸಿ ಬಂದ ಮೇಲೆ ಬ್ಯಾಂಕಿನವರ ಹತ್ತಿರ ಗಾಡಿ ನಂಬರ್ ಅಪ್‌ಡೇಟ್ ಮಾಡಿಸಿ, ಆಮೇಲೆ ರಾಜಮಾರ್ಗಯಾತ್ರಾ ಆ್ಯಪ್‌ನಲ್ಲಿ ತಗೊಳ್ಳಿ.